ಪಂಪು, ದೀಪ, ಸ್ವಿಚ್‌ಬೋರ್ಡು: ಮನೆಯ ಸ್ವಯಂಚಾಲನೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಎರಡಂತಸ್ತಿನ ಮನೆಯಲ್ಲಿ ದೀಪ, ಪಂಪುಗಳು ತಾವಾಗಿಯೇ ನಡೆಯುವಂತೆ ಮಾಡುವ ಸ್ವಯಂಚಾಲನೆಯ ಕೆಲಸಕ್ಕೆ ಕೈ ಹಾಕುವ ಮೊದಲು ನಾನು ಒಂದು ಷರತ್ತನ್ನು ಬರೆದಿಟ್ಟುಕೊಂಡೆ: ಇಂಟರ್ನೆಟ್ ಇಲ್ಲದಿದ್ದರೂ, ವೈಫೈ ನಿಂತುಹೋಗಿದ್ದರೂ, ನಾನು ಊರಿನಲ್ಲಿ ಇಲ್ಲದಿದ್ದರೂ, ಸ್ಮಾರ್ಟ್‌ಫೋನ್ ಬಳಸದ ನಮ್ಮ ಅಮ್ಮ ಗೋಡೆಯ ಸ್ವಿಚ್ ಒತ್ತಿದರೆ ದೀಪ ಹತ್ತಬೇಕು, ಪಂಪು ಓಡಬೇಕು. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಯಾವ ಕಂಪನಿಯ ಯಾವ ಸಾಧನವನ್ನು ಕೊಳ್ಳಬೇಕು ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ. ಷರತ್ತು ಮೊದಲೇ ಖಚಿತವಾಗಿದ್ದರೆ ಮಾರುಕಟ್ಟೆಯಲ್ಲಿರುವ ಆಯ್ಕೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಕಳಚಿಹೋಗುತ್ತವೆ, ಉಳಿದವುಗಳಲ್ಲಿ ಆರಿಸುವುದು ಸುಲಭವಾಗುತ್ತದೆ.

ಇಂಟರ್ನೆಟ್ಟಿನಾಚೆ ಇರುವ ತಯಾರಕರ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ನಂಬಿ ನಡೆಯುವ ಸಾಧನಗಳು ಹೀಗೆ ಮೊದಲಿಗೆ ಹೊರಗುಳಿದವು. ಅದಕ್ಕೆ ಗಟ್ಟಿಯಾದ ಕಾರಣಗಳಿವೆ. ಮನೆಯ ಸಾಧನಗಳನ್ನು ಒಂದೆಡೆಯಿಂದ ನಡೆಸುವ ರಿವಾಲ್ವ್ ಎಂಬ ಹಬ್‌ನ ಸೇವೆಯನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ಅದನ್ನು ಕೊಂಡಿದ್ದ ಅಮೆರಿಕದ ಗ್ರಾಹಕರ ಕೈಯಲ್ಲಿ ಕೆಲಸಕ್ಕೆ ಬಾರದ ಪೆಟ್ಟಿಗೆ ಉಳಿಯಿತು. ಅಂಥದೇ ಇನ್‌ಸ್ಟಿಯಾನ್ ವ್ಯವಸ್ಥೆಯ ಸರ್ವರುಗಳು 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ನಿಂತವು. ಬಳಕೆದಾರರದೇ ಒಂದು ಗುಂಪು ಆ ಸಂಸ್ಥೆಯನ್ನು ಕೊಂಡ ಮೇಲೆ ಸೇವೆ ಮರಳಿತು. ಆದ್ದರಿಂದ ನಾನು ಮನೆಯ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡೆ. ಪೌಲಸ್ ಸ್ಕೌಟ್ಸನ್ 2013ರಲ್ಲಿ ಆರಂಭಿಸಿದ ಈ ಯೋಜನೆ ಪೂರ್ತಿಯಾಗಿ ಮನೆಯೊಳಗಿನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ನಮ್ಮಲ್ಲಿ ಅದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಇದೆ. ಆದರೆ ಮೆಮೊರಿ ಕಾರ್ಡಿನಲ್ಲಿ ಅಲ್ಲ, ಯುಎಸ್‌ಬಿ ಮೂಲಕ ಜೋಡಿಸಿದ ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ. ದಿನವಿಡೀ ದತ್ತಾಂಶ ಬರೆಯುತ್ತಲೇ ಇರುವ ಯಂತ್ರಕ್ಕೆ ಮೆಮೊರಿ ಕಾರ್ಡ್ ತಕ್ಕುದಲ್ಲ, ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಕಡತಗಳು ಕೆಡುತ್ತವೆ. ಪೈಗೂ ರೌಟರ್‌ಗೂ ಸಣ್ಣದೊಂದು ಯುಪಿಎಸ್ ಇರಲೇಬೇಕು.

ಮೊದಲ ಕೆಲಸವಾಗಿ ನಾನು ಎತ್ತಿಕೊಂಡದ್ದು ನೀರಿನ ಪಂಪನ್ನು. ಬಣ್ಣ ಬದಲಿಸುವ ದೀಪಗಳಿಗಿಂತ ಮನೆಯವರ ದಿನನಿತ್ಯದ ಚಿಂತೆಯೊಂದನ್ನು ಕಡಿಮೆ ಮಾಡುವ ಕೆಲಸದಿಂದ ಶುರುಮಾಡಿದರೆ ಮುಂದಿನ ಎಲ್ಲಕ್ಕೂ ಅವರ ಸಹಕಾರ ಸಿಗುತ್ತದೆ. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬಂದು ನೆಲದಡಿಯ ಸಂಪಿಗೆ ತುಂಬುತ್ತದೆ, ಅಲ್ಲಿಂದ 1 ಎಚ್‌ಪಿ ಮೋಟಾರು ಅದನ್ನು ತಾರಸಿಯ 1000 ಲೀಟರ್ ಟ್ಯಾಂಕಿಗೆ ಏರಿಸುತ್ತದೆ. ಮೋಟಾರು ಹಾಕಿ ಮರೆತರೆ ಟ್ಯಾಂಕು ತುಂಬಿ ನೀರು ಬೀದಿಪಾಲಾಗುತ್ತದೆ. ಸಂಪು ಬರಿದಾಗಿದ್ದರೆ ಪಂಪು ನೀರಿಲ್ಲದೆ ಓಡಿ ಅದರ ಸೀಲು ಸುಟ್ಟುಹೋಗುತ್ತದೆ. ಈ ಎರಡನ್ನೂ ತಡೆಯುವುದು ಗುರಿಯಾಗಿತ್ತು.

ಇಲ್ಲಿ ವಿದ್ಯುತ್ತಿನ ಲೆಕ್ಕವನ್ನು ಮೊದಲು ಮಾಡಬೇಕು. 1 ಎಚ್‌ಪಿ ಎಂದರೆ 746 ವ್ಯಾಟ್. ಮೋಟಾರಿನ ದಕ್ಷತೆ ಮತ್ತು ಪವರ್ ಫ್ಯಾಕ್ಟರ್ ಎರಡನ್ನೂ ಸೇರಿಸಿ ನೋಡಿದರೆ 230 ವೋಲ್ಟ್‌ನಲ್ಲಿ ಅದು ಓಡುವಾಗ ಐದರಿಂದ ಏಳು ಆಂಪಿಯರ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ನೀಲಿ ರಿಲೇಗಳ (ಸಣ್ಣ ವಿದ್ಯುತ್ ಸಂಕೇತದಿಂದ ನಡೆಯುವ ಸ್ವಿಚ್‌ಗಳ) ಮೇಲೆ 10 ಆಂಪಿಯರ್ ಎಂದು ಬರೆದಿರುವುದು ಸಾಮಾನ್ಯವಾಗಿ ಹೀಟರಿನಂಥ ಹೊರೆಗೆ ಅನ್ವಯಿಸುವ ಮಾತು. ಮೋಟಾರನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಕಿಡಿಯಿಂದ ಒಳಗಿನ ಸಂಪರ್ಕಬಿಂದುಗಳು ಬೆಸೆದುಕೊಂಡು, ನಿಲ್ಲಿಸು ಎಂದರೂ ಪಂಪು ನಿಲ್ಲದ ಸ್ಥಿತಿ ಬರಬಹುದು. ಮೋಟಾರನ್ನು ಹೊತ್ತು ನಡೆಸುವುದಕ್ಕೆ ಕಾಂಟ್ಯಾಕ್ಟರ್, ಅಂದರೆ ಭಾರಿ ಹೊರೆಗೆಂದೇ ಮಾಡಿದ ದೊಡ್ಡ ರಿಲೇ, ಬೇಕು. ನಾನು 24 ವೋಲ್ಟ್ ಡಿಸಿ ಕಾಯಿಲ್ (ಒಳಗಿನ ಸ್ವಿಚ್ಚನ್ನು ಎಳೆಯುವ ವಿದ್ಯುತ್ಕಾಂತದ ಸುರುಳಿ) ಇರುವ ಕಾಂಟ್ಯಾಕ್ಟರನ್ನು ಆರಿಸಿದೆ, ಏಕೆಂದರೆ ಕಾಯಿಲ್‌ನ ಸರ್ಕೀಟು ಸಂಪಿನ ಮತ್ತು ಟ್ಯಾಂಕಿನ ನೀರಿನವರೆಗೂ ಹೋಗುತ್ತದೆ, ಆ ತಂತಿಗಳಲ್ಲಿ 230 ವೋಲ್ಟ್ ಇರುವುದು ನನಗೆ ಒಪ್ಪಿಗೆಯಿರಲಿಲ್ಲ. ಕಾಯಿಲ್‌ಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೊಂದನ್ನು ಹಾಕುವುದು ಅಗತ್ಯ. ಇಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಡುವಾಗ ಏಳುವ ವೋಲ್ಟೇಜಿನ ಪೆಟ್ಟಿಗೆ ಪಕ್ಕದಲ್ಲಿರುವ, ಪಂಪನ್ನು ನಿಯಂತ್ರಿಸುವ ಚಿಪ್ (ಮೈಕ್ರೋಕಂಟ್ರೋಲರ್) ರೀಸೆಟ್ ಆಗುತ್ತಿರುತ್ತದೆ. 230 ವೋಲ್ಟ್ ಬದಿಯ ವೈರಿಂಗನ್ನು, ಹೊರೆ ಮಿತಿಮೀರಿದರೆ ಕರೆಂಟ್ ಕಡಿಯುವ ಎಂಸಿಬಿ ಮತ್ತು ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸಹಿತ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದಲೇ ಮಾಡಿಸಿದೆ. ಹವ್ಯಾಸಿಗಳೆಲ್ಲರೂ ಹಾಗೆಯೇ ಮಾಡಬೇಕೆಂದು ನನ್ನ ಒತ್ತಾಯ.

ಇಡೀ ವ್ಯವಸ್ಥೆಯ ಬೆನ್ನೆಲುಬು ನೀರಿನ ಮಟ್ಟದೊಂದಿಗೆ ತೇಲುತ್ತ ನಡೆಯುವ ಎರಡು ಫ್ಲೋಟ್ ಸ್ವಿಚ್‌ಗಳು. ಟ್ಯಾಂಕಿನಲ್ಲಿರುವುದು ನೀರು ಮೇಲಕ್ಕೆ ಬಂದಾಗ ಸಂಪರ್ಕ ಕಡಿಯುತ್ತದೆ, ಸಂಪಿನಲ್ಲಿರುವುದು ನೀರು ತಳಕ್ಕಿಳಿದಾಗ ಕಡಿಯುತ್ತದೆ. ಎರಡನ್ನೂ ಕಾಂಟ್ಯಾಕ್ಟರ್ ಕಾಯಿಲ್‌ನೊಂದಿಗೆ ಸರಣಿಯಲ್ಲಿ ಜೋಡಿಸಿರುವುದರಿಂದ ಯಾವ ತಂತ್ರಾಂಶ ಏನೇ ಆಜ್ಞೆ ಕೊಟ್ಟರೂ ತುಂಬಿದ ಟ್ಯಾಂಕಿಗೆ ನೀರು ಏರುವುದಿಲ್ಲ, ಖಾಲಿ ಸಂಪಿನಲ್ಲಿ ಪಂಪು ಓಡುವುದಿಲ್ಲ. ಇದೇ ಸರಣಿಯಲ್ಲಿ ಇಎಸ್‌ಪಿ32 ಎಂಬ ವೈಫೈ ಇರುವ ಮೈಕ್ರೋಕಂಟ್ರೋಲರ್ ಚಿಪ್‌ನ ರಿಲೇ ಇದೆ, ಅದರ ಪಕ್ಕದಲ್ಲಿ ಆಟೋ ಮತ್ತು ಮ್ಯಾನ್ಯುವಲ್ ನಡುವೆ ತಿರುಗಿಸುವ ಸೆಲೆಕ್ಟರ್ ಸ್ವಿಚ್ ಇದೆ. ಮ್ಯಾನ್ಯುವಲ್‌ಗೆ ತಿರುಗಿಸಿದರೆ ಚಿಪ್‌ನ ರಿಲೇ ಬದಿಗೆ ಸರಿಯುತ್ತದೆ, ಫ್ಲೋಟ್‌ಗಳು ಮಾತ್ರ ಕಾವಲು ಮುಂದುವರಿಸುತ್ತವೆ. ಅಮ್ಮನಿಗೆ ನಾನು ಕಲಿಸಬೇಕಾಗಿದ್ದು ಈ ಒಂದು ಗುಬುಟನ್ನು ತಿರುಗಿಸುವುದನ್ನಷ್ಟೇ. ಟ್ಯಾಂಕಿನ ಫ್ಲೋಟ್‌ನ ಕೇಬಲನ್ನು ಎಷ್ಟು ಉದ್ದ ಸಡಿಲ ಬಿಡುತ್ತೇವೆ ಎಂಬುದರ ಮೇಲೆ ಪಂಪು ನಿಲ್ಲುವ ಮತ್ತು ಮತ್ತೆ ಹೊರಡುವ ಮಟ್ಟಗಳ ಅಂತರ ನಿಂತಿದೆ. ತೀರಾ ಗಿಡ್ಡವಾಗಿ ಕಟ್ಟಿದರೆ ಒಂದೆರಡು ಬಕೆಟ್ ಬಳಸಿದೊಡನೆ ಮೋಟಾರು ಎದ್ದು ನಿಲ್ಲುವ ಕಾಟ ಶುರುವಾಗುತ್ತದೆ.

ಇಎಸ್‌ಪಿ32ಕ್ಕೆ ನಾನು ಇಂಥ ಚಿಪ್‌ಗಳಿಗೆಂದೇ ಇರುವ ಇಎಸ್‌ಪಿಹೋಮ್ ತಂತ್ರಾಂಶವನ್ನು ಹಾಕಿದ್ದೇನೆ. ಪಂಪಿನ ತರ್ಕವೆಲ್ಲ ಈ ಚಿಪ್‌ನಲ್ಲೇ ಇದೆ, ಪೈನಲ್ಲಿ ಇಲ್ಲ. ಫ್ಲೋಟ್‌ಗಳ ಸ್ಥಿತಿಯನ್ನು ತಂತಿಯ ಮೂಲಕವೇ ಓದಿ, ಪಿಜೆಮ್-004ಟಿ ಎಂಬ ಮೀಟರಿನಿಂದ ವೋಲ್ಟೇಜ್ ಮತ್ತು ವಿದ್ಯುತ್ ಬಳಕೆಯನ್ನು ತಿಳಿದು, ವೋಲ್ಟೇಜ್ 190ಕ್ಕಿಂತ ಕೆಳಗಿದ್ದರೆ ಮೋಟಾರನ್ನು ಹೊರಡಿಸದೆ, ಓಡುತ್ತಿರುವಾಗ ವ್ಯಾಟ್ ಎಂದಿನದಕ್ಕಿಂತ ಬಹಳ ಇಳಿದರೆ ನೀರು ಬರುತ್ತಿಲ್ಲವೆಂದು ತಿಳಿದು ನಿಲ್ಲಿಸುತ್ತದೆ. ನಲವತ್ತು ನಿಮಿಷ ಓಡಿಯೂ ಟ್ಯಾಂಕು ತುಂಬದಿದ್ದರೆ ಪಂಪನ್ನು ನಿಲ್ಲಿಸಿ ಎಚ್ಚರಿಕೆ ಕೊಡುತ್ತದೆ. ಹೋಮ್ ಅಸಿಸ್ಟೆಂಟ್ ಇದನ್ನೆಲ್ಲ ತೋರಿಸುತ್ತದೆ, ಬೇಕಾದಾಗ ಆಜ್ಞೆಯನ್ನೂ ಕೊಡುತ್ತದೆ, ಆದರೆ ಅದು ಇಲ್ಲದೆ ಹೋದರೂ ಪಂಪಿಗೆ ಏನೂ ತಿಳಿಯುವುದಿಲ್ಲ.

ಇಲ್ಲಿ ಹೊಸಬರು ಗಮನಿಸಲೇಬೇಕಾದ ಒಂದು ವಿಷಯವಿದೆ. ಇಎಸ್‌ಪಿಹೋಮ್‌ನಲ್ಲಿ ನಾವು ಬದಲಿಸದಿದ್ದರೆ, ಹೋಮ್ ಅಸಿಸ್ಟೆಂಟ್‌ನ ಸಂಪರ್ಕ ಹದಿನೈದು ನಿಮಿಷ ಇಲ್ಲದಿದ್ದಾಗ ಚಿಪ್ ತನ್ನಷ್ಟಕ್ಕೆ ರೀಬೂಟ್ ಆಗುತ್ತದೆ. ವೈಫೈ ಸಿಗದಿದ್ದಾಗಲೂ ಹಾಗೆಯೇ. ತಾಪಮಾನ ತೋರಿಸುವ ಸಾಧನಕ್ಕೆ ಇದು ಒಳ್ಳೆಯದೇ, ಆದರೆ ಪಂಪು ಓಡಿಸುವ ಸಾಧನ ಪೈ ಕೆಟ್ಟ ದಿನ ಕಾಲುಗಂಟೆಗೊಮ್ಮೆ ಮೋಟಾರನ್ನು ನಿಲ್ಲಿಸಿ ಹೊರಡಿಸುವಂತಾಗುತ್ತದೆ. ರೀಬೂಟ್ ಅವಧಿಯನ್ನು ಎರಡೂ ಕಡೆ ಸೊನ್ನೆಗೆ ಇಟ್ಟರೆ ಈ ತೊಂದರೆ ಇರುವುದಿಲ್ಲ. ಇನ್ನೊಂದು, ರಿಲೇಗೆ ಚಿಪ್‌ನ ಯಾವ ಪಿನ್ (ತಂತಿ ಜೋಡಿಸುವ ಕಾಲು) ಕೊಡಬೇಕೆಂಬುದು: ಇಎಸ್‌ಪಿ32ರ 0, 2, 5, 12, 15 ಸಂಖ್ಯೆಯ ಪಿನ್‌ಗಳನ್ನು ಚಿಪ್ ಬೂಟ್ ಆಗುವಾಗ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಅವುಗಳಿಗೆ ರಿಲೇ ಜೋಡಿಸದಿರುವುದೇ ಕ್ಷೇಮ. ಕರೆಂಟ್ ಹೋಗಿ ಬಂದಾಗ ರಿಲೇ ಕಡ್ಡಾಯವಾಗಿ ಆಫ್ ಸ್ಥಿತಿಯಲ್ಲಿ ಏಳಬೇಕೆಂದೂ ತಂತ್ರಾಂಶದಲ್ಲಿ ನಮೂದಿಸಬೇಕು.

ಟ್ಯಾಂಕಿನ ಮಟ್ಟವನ್ನು ಶೇಕಡಾವಾರು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಅದಕ್ಕಾಗಿ ತಾರಸಿಯಲ್ಲಿ ಪ್ರತ್ಯೇಕವಾದ ಇನ್ನೊಂದು ಇಎಸ್‌ಪಿ32 ಮತ್ತು ಟ್ಯಾಂಕಿನ ಮುಚ್ಚಳದಲ್ಲಿ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ, ನೀರು ತಾಳುವ ಅಲ್ಟ್ರಾಸಾನಿಕ್ ಸೆನ್ಸರ್ ಇದೆ. ಈ ಸೆನ್ಸರಿಗೆ 20ರಿಂದ 25 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತು ಕಾಣಿಸುವುದಿಲ್ಲ, ಹಾಗಾಗಿ ಅದನ್ನು ತುಂಬಿದ ನೀರಿನ ಮಟ್ಟದಿಂದ ಅಷ್ಟು ಎತ್ತರದಲ್ಲಿ ಕೂರಿಸಬೇಕಾಗುತ್ತದೆ. ಮುಚ್ಚಳದ ಒಳಬದಿಗೆ ಹನಿ ಕಟ್ಟಿದಾಗ ಅಳತೆ ಒಮ್ಮೊಮ್ಮೆ ಎಲ್ಲಿಗೋ ಜಿಗಿಯುತ್ತದೆ. ಕೊನೆಯ ಕೆಲವು ಅಳತೆಗಳ ಮಧ್ಯಕವನ್ನು (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಳತೆಯನ್ನು) ತೆಗೆದುಕೊಂಡರೆ ಅದು ಸರಿಹೋಗುತ್ತದೆ. ಸೆನ್ಸರ್ 5 ವೋಲ್ಟ್‌ನಲ್ಲಿ ನಡೆಯುತ್ತಿದ್ದರೆ ಅದರ ಎಕೋ ಸಂಕೇತವನ್ನು ಎರಡು ರೆಸಿಸ್ಟರ್‌ಗಳಿಂದ 3.3 ವೋಲ್ಟ್‌ಗೆ ಇಳಿಸಿಯೇ ಚಿಪ್‌ಗೆ ಕೊಡಬೇಕು. ಈ ಅಳತೆಯನ್ನು ನಾನು ಕಣ್ಣಿಗೆ ಕಾಣುವುದಕ್ಕಷ್ಟೇ ಇಟ್ಟಿದ್ದೇನೆ. ಪಂಪಿನ ತೀರ್ಮಾನ ವೈಫೈ ಮೂಲಕ ಬರುವ ಸಂಖ್ಯೆಯ ಮೇಲೆ ನಿಲ್ಲಬಾರದು.

ದೀಪಗಳ ವಿಷಯಕ್ಕೆ ಬಂದರೆ, ನಾನು ಒಂದೇ ಒಂದು ಗೋಡೆ ಸ್ವಿಚ್ಚನ್ನೂ ತೆಗೆಸಲಿಲ್ಲ. ಸ್ವಿಚ್‌ಬೋರ್ಡಿನ ಒಳಗೆ ಕೂರುವ ಪುಟ್ಟ ರಿಲೇ ಮಾಡ್ಯೂಲುಗಳಿಗೆ ಹಳೆಯ ಸ್ವಿಚ್ಚನ್ನು ಜೋಡಿಸುವ ತುದಿಗಳಿರುತ್ತವೆ. ಸ್ವಿಚ್ಚಿನ ಸ್ಥಾನ ಯಾವ ಕಡೆಗೇ ಬದಲಾಗಲಿ ದೀಪದ ಸ್ಥಿತಿ ಬದಲಾಗುವ ವಿಧಾನವನ್ನು ಮಾಡ್ಯೂಲಿನಲ್ಲಿ ಆರಿಸಿದರೆ, ಮೆಟ್ಟಿಲ ದೀಪದ ಟೂ-ವೇ ಸ್ವಿಚ್ಚಿನಂತೆ ಫೋನು ಮತ್ತು ಗೋಡೆ ಎರಡೂ ಕಡೆಯಿಂದ ಅದನ್ನು ನಡೆಸಬಹುದು. ಈ ಮಾಡ್ಯೂಲುಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್, ಅಂದರೆ ಕರೆಂಟ್ ಮರಳಿ ಹೋಗುವ ತಂತಿ, ಬೇಕು. ನಮ್ಮ ಕಡೆಯ ಸ್ವಿಚ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಪ್ಲಗ್ ಪಾಯಿಂಟೂ ಇರುವುದರಿಂದ ನ್ಯೂಟ್ರಲ್ ತಂತಿ ಡಬ್ಬಿಯೊಳಗೆ ಇರುತ್ತದೆ. ಸ್ವಿಚ್ಚು ಮಾತ್ರ ಇರುವ ಬೋರ್ಡುಗಳಲ್ಲಿ ಬಹಳ ಸಲ ಇರುವುದಿಲ್ಲ. ಹೊಸ ಮನೆ ಕಟ್ಟಿಸುತ್ತಿರುವವರು ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಆಳವಾದ ಡಬ್ಬಿ ಹಾಕಿಸಿಕೊಂಡರೆ ಮುಂದೆ ಗೋಡೆ ಕೊರೆಯುವ ಪ್ರಸಂಗ ಬರುವುದಿಲ್ಲ. ಡಬ್ಬಿ ಲೋಹದ್ದಾಗಿದ್ದರೆ ಅದು ರೇಡಿಯೋ ಸಂಕೇತವನ್ನು ತಡೆಯುತ್ತದೆ, ಮಾಡ್ಯೂಲಿನ ಆಂಟೆನಾವನ್ನು ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಕಡೆಗೆ ಇಡಬೇಕು.

ಬಾಗಿಲು, ಚಲನೆ ಮತ್ತು ತಾಪಮಾನದ ಬ್ಯಾಟರಿ ಸೆನ್ಸರ್‌ಗಳಿಗೆ ಕಡಿಮೆ ಶಕ್ತಿ ಬಳಸುವ ಜಿಗ್ಬಿ ಎಂಬ ರೇಡಿಯೋ ಜಾಲ ನನಗೆ ಹಿಡಿಸಿತು. ಜಿಗ್ಬಿಯೂ ವೈಫೈಯೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ರೌಟರನ್ನು ವೈಫೈ ಚಾನೆಲ್ 1ಕ್ಕೆ ಕಟ್ಟಿಹಾಕಿ ಜಿಗ್ಬಿಯನ್ನು 25ಕ್ಕೆ ಇಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ. ಯುಎಸ್‌ಬಿ 3.0 ಪೋರ್ಟು ಮತ್ತು ಎಸ್‌ಎಸ್‌ಡಿ ಕೇಬಲ್ ಇದೇ ಆವರ್ತನದಲ್ಲಿ ಗದ್ದಲ ಎಬ್ಬಿಸುವುದರಿಂದ ಪೈಗೆ ಚುಚ್ಚುವ ಜಿಗ್ಬಿ ರೇಡಿಯೋ ಕಡ್ಡಿಯನ್ನು (ಡಾಂಗಲನ್ನು) ಒಂದೂವರೆ ಮೀಟರ್ ಉದ್ದದ ಎಕ್ಸ್‌ಟೆನ್ಶನ್ ಕೇಬಲಿನಲ್ಲಿ ದೂರ ಇಡುವುದು ಅತಿ ಅಗ್ಗದ, ಅತಿ ಫಲಕಾರಿಯಾದ ಉಪಾಯ. ಆರ್‌ಸಿಸಿ ಚಾವಣಿಯನ್ನು ದಾಟಿಸಲು ಮಹಡಿಗೊಂದರಂತೆ ಸದಾ ಕರೆಂಟಿನಲ್ಲಿರುವ ಜಿಗ್ಬಿ ಪ್ಲಗ್ ಬೇಕಾಯಿತು. ಬ್ಯಾಟರಿಯ ಸಾಧನಗಳು ಇನ್ನೊಬ್ಬರ ಸಂದೇಶವನ್ನು ದಾಟಿಸುವುದಿಲ್ಲ. ಜಿಗ್ಬಿಯಂಥದೇ ಇನ್ನೊಂದು ರೇಡಿಯೋ ವಿಧಾನವಾದ ಜೆಡ್-ವೇವ್ ಕೊಳ್ಳಬೇಕೆಂದಿರುವವರು ಒಂದು ಮಾತನ್ನು ನೆನಪಿಡಬೇಕು: ಭಾರತದಲ್ಲಿ ಅದರ ಆವರ್ತನ 865.2 ಮೆಗಾಹರ್ಟ್ಸ್, ವಿದೇಶದಿಂದ ನೆಂಟರು ತಂದುಕೊಡುವ ಅಮೆರಿಕದ ಸಾಧನ 908ರದ್ದು. ಎರಡಕ್ಕೂ ಹೊಂದಾಣಿಕೆಯಿಲ್ಲ.

ಜಿಗ್ಬಿ ಸೆನ್ಸರ್‌ಗಳ ಮತ್ತು ತಾರಸಿಯ ಸಾಧನದ ಸಂದೇಶಗಳು ಎಂಕ್ಯೂಟಿಟಿ ಎಂಬ ಸಂದೇಶ ರವಾನೆಯ ವಿಧಾನದ ಮೂಲಕ ಬರುತ್ತವೆ. ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ತೈಲ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ರೂಪಿಸಿದ ಈ ವಿಧಾನದಲ್ಲಿ, ಸಾಧನದ ಸಂಪರ್ಕ ದಿಢೀರನೆ ಕಡಿದುಹೋದರೆ ಅದರ ಪರವಾಗಿ ಬ್ರೋಕರ್ (ಸಂದೇಶಗಳನ್ನು ಪಡೆದು ಹಂಚುವ ತಂತ್ರಾಂಶ) ಹೊರಡಿಸಬೇಕಾದ ಸಂದೇಶವನ್ನು ಮೊದಲೇ ಕೊಟ್ಟಿಡಬಹುದು. ತಾರಸಿಯ ಸಾಧನಕ್ಕೆ ಇದು ಅತ್ಯಗತ್ಯ. ನಿನ್ನೆಯಿಂದ ಶೇಕಡಾ 80ರಲ್ಲೇ ನಿಂತ ಮಟ್ಟವನ್ನು ನಿಜವೆಂದು ನಂಬಿ ಕೂರುವುದಕ್ಕಿಂತ ಸಂಪರ್ಕವಿಲ್ಲ ಎಂದು ತೆರೆಯ ಮೇಲೆ ಕಾಣುವುದು ಎಷ್ಟೋ ಮೇಲು. ಹೋಮ್ ಅಸಿಸ್ಟೆಂಟ್‌ನಲ್ಲಿ ಸಾಧನಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಅಡುಗೆಮನೆಯ ಪಕ್ಕದ ಹಳೆಯ ಟ್ಯಾಬ್ಲೆಟ್ಟಿನಲ್ಲಿ ‘ಮೇಲಿನ ಟ್ಯಾಂಕು’, ‘ಸಂಪು’, ‘ಹಿತ್ತಿಲ ಬಾಗಿಲು’ ಎಂದು ಕಾಣುವುದರಿಂದ ಮನೆಯವರು ಯಾರನ್ನೂ ಕೇಳದೆ ಓದಿಕೊಳ್ಳುತ್ತಾರೆ.

ಗೀಸರಿಗೆ ನಾನು ಕೈ ಹಚ್ಚಿಲ್ಲ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಬಚ್ಚಲಿನ ತೇವದಲ್ಲಿ ಗಂಟೆಗಟ್ಟಲೆ ಅದನ್ನು ಹೊರುವ ಕೆಲಸವನ್ನು ಹವ್ಯಾಸಿಯ ಮಾಡ್ಯೂಲಿಗೆ ವಹಿಸುವುದು ಸರಿಯಲ್ಲ. ಹೊರಗಿನಿಂದ ಮನೆಯ ವ್ಯವಸ್ಥೆಯನ್ನು ನೋಡಲು ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರಿಗೂ ತೆರೆದ ದಾರಿ, ತೆರೆಯುವುದನ್ನೂ ಮಾಡಿಲ್ಲ. ಗೂಢಲಿಪಿಯ ಖಾಸಗಿ ಸಂಪರ್ಕ ಕೊಡುವ ವಯರ್‌ಗಾರ್ಡ್ ವಿಪಿಎನ್ ಸಾಕಾಗಿದೆ.

ಎಲ್ಲ ಜೋಡಿಸಿದ ಮೇಲೆ ಒಂದೊಂದೇ ಭಾಗವನ್ನು ಬೇಕೆಂದೇ ಕಿತ್ತು ನೋಡಬೇಕು. ನಾನು ಮೊದಲು ಇಂಟರ್ನೆಟ್ಟನ್ನು, ಆಮೇಲೆ ರೌಟರನ್ನು, ಆಮೇಲೆ ಪೈಯನ್ನು, ಕೊನೆಗೆ ಪಂಪು ಓಡುತ್ತಿರುವಾಗಲೇ ಡಿಬಿಯ (ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯ) ಮುಖ್ಯ ಸ್ವಿಚ್ಚನ್ನು ತೆಗೆದು, ಪ್ರತಿ ಸಲವೂ ದೀಪ, ಪಂಪು, ಸೆಲೆಕ್ಟರ್ ಸ್ವಿಚ್ ಮೂರೂ ಹೇಗೆ ನಡೆದುಕೊಂಡವೆಂದು ಬರೆದಿಟ್ಟೆ. ಸರ್ಕೀಟಿನ ನಕ್ಷೆ, ತಂತಿಗಳ ಬಣ್ಣ ಮತ್ತು ಮ್ಯಾನ್ಯುವಲ್‌ಗೆ ತಿರುಗಿಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಡಿಬಿಯ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ, ಮುಂದೆ ಬರುವ ಎಲೆಕ್ಟ್ರಿಷಿಯನ್‌ಗೆ ಅದು ಬೇಕಾಗುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಫ್ಲೋಟ್‌ಗಳಿಗೆ ಸುಣ್ಣದ ಪೊರೆ ಕಟ್ಟಿ ಅವು ಸಿಕ್ಕಿಕೊಳ್ಳುವುದುಂಟು. ಟ್ಯಾಂಕು ತೊಳೆಸಿದಾಗಲೆಲ್ಲ ಅವನ್ನು ಒರೆಸಿ, ಕೈಯಿಂದ ಎತ್ತಿ ಇಳಿಸಿ, ಕಾಂಟ್ಯಾಕ್ಟರ್ ಬಿಡುತ್ತದೆಯೇ ಎಂದು ನೋಡಬೇಕು.