ತೊಟ್ಟಿಯ ಬೆಳಕು

ಅಮ್ಮನಿಗೆ ಎಂಬತ್ತು ತುಂಬಿದೆ, ಗೋಡೆಗೆ ಹಾಕುವಂಥ ಒಂದು ಫೋಟೊ ಬೇಕು, ಜಾಗ ಸೋಮನಾಥಪುರವೇ ಆಗಬೇಕು ಎಂದು ಮಗಳು ಫೋನಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಅವರಿರುವುದು ನ್ಯೂಜೆರ್ಸಿಯಲ್ಲಿ, ಸಂಕ್ರಾಂತಿಗೆಂದು ಬಂದಿದ್ದರು. ಅಮ್ಮ ನಿವೃತ್ತ ಶಾಲಾ ಶಿಕ್ಷಕಿ, ಮೈಸೂರಿನ ಚಾಮರಾಜಪುರದ ಹಳೆಯ ಮನೆಯಲ್ಲಿ ವಾಸ. ನಾನು ಆಗಲಿ ಎಂದೆ, ಮುಂಗಡ ಮಾತ್ರ ತೆಗೆದುಕೊಳ್ಳಲಿಲ್ಲ. ಜಾಗ ನೋಡುವ ಮೊದಲು ಮುಂಗಡ ಮುಟ್ಟಬಾರದೆಂಬ ಬುದ್ಧಿ ಬರಲು ನನಗೆ ಆರೇಳು ವರ್ಷ ಹಿಡಿದಿದೆ.

ಜಾಗ ನೋಡಲು ಹೋಗುವಾಗ ಕ್ಯಾಮೆರಾ ಒಯ್ಯುವುದಿಲ್ಲ. ಒಯ್ದರೆ ಕಂಡದ್ದೆಲ್ಲ ಚಂದವೆನಿಸಿ, ಕೆಲಸ ಮರೆತುಹೋಗುತ್ತದೆ. ಒಂದು ನೋಟ್‌ಬುಕ್ಕು, ಮೊಬೈಲಿನ ದಿಕ್ಸೂಚಿ, ಜೊತೆಗೆ ಅಕ್ಕನ ಮಗ ಇಷ್ಟು ಸಾಕು. ಹುಡುಗನನ್ನು ನಿಲ್ಲಿಸಿ ಕಣ್ಣು ನೋಡುತ್ತೇನೆ: ಕಣ್ಣಲ್ಲಿ ಬೆಳಕಿನ ಚುಕ್ಕೆ ಇದೆಯೋ, ಇಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದಾನೋ? ಅವನು ಬರದ ದಿನ ನನ್ನ ಮುಷ್ಟಿಯನ್ನೇ ಮುಂದೆ ಚಾಚಿ ನಿಧಾನವಾಗಿ ಒಂದು ಸುತ್ತು ತಿರುಗುತ್ತೇನೆ. ಬೆರಳ ಗೆಣ್ಣುಗಳ ನೆರಳು ಯಾವ ದಿಕ್ಕಿನಲ್ಲಿ ಮೆತ್ತಗಾಗುತ್ತದೋ ಮುಖ ಆ ಕಡೆ ತಿರುಗಬೇಕು. ನೋಡುವವರು ಯಾವುದೋ ಹರಕೆ ಎಂದುಕೊಳ್ಳುತ್ತಾರೆ.

ಸೋಮನಾಥಪುರ ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಚಿತ್ರ ತೆಗೆಯಬೇಕಾಗಿದ್ದ ಹೊತ್ತಿಗೇ, ಸಂಜೆ ನಾಲ್ಕಕ್ಕೆ, ಅಲ್ಲಿದ್ದೆವು. 1258ರ ಆ ಕೇಶವ ದೇವಾಲಯದ ಬಗ್ಗೆ ನನ್ನದೇನೂ ತಕರಾರಿಲ್ಲ, ಅದರ ಎದುರು ಒಂದು ಮುಖವನ್ನು ಕೂರಿಸುವುದರ ಬಗ್ಗೆಯೇ ತಕರಾರು. ಗೋಡೆಯ ಒಂದು ಗೇಣು ಜಾಗವೂ ಖಾಲಿಯಿಲ್ಲ. ಆನೆಸಾಲು, ಕುದುರೆಸವಾರರು, ಬಳ್ಳಿ, ಪುರಾಣದ ಕಥೆ. ಎಂಬತ್ತರ ಮುಖದಲ್ಲೂ ಅಷ್ಟೇ ಗೆರೆಗಳಿರುತ್ತವೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟರೆ ಕಲ್ಲೇ ಗೆಲ್ಲುತ್ತದೆ. 85 ಎಂಎಂ ಲೆನ್ಸಿನಲ್ಲಿ ಹಿನ್ನೆಲೆ ಕರಗಿಸೋಣವೆಂದರೆ ಕೂತವರಿಗೂ ಗೋಡೆಗೂ ನಾಲ್ಕೈದು ಮೀಟರ್ ಅಂತರ ಬೇಕು. ದೇವಾಲಯ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ, ಮೇಲೆ ಅದು ಸಲೀಸಾಗಿ ಸಿಗುವುದಿಲ್ಲ. ದೇವಾಲಯ ಪೂರ್ವಾಭಿಮುಖವಾದ್ದರಿಂದ ಸಂಜೆ ಬಿಸಿಲು ಬೀಳುವುದು ಬೆನ್ನಿನ ಗೋಡೆಗೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇರೆ ಬೇಕು. ಇದೆಲ್ಲಕ್ಕಿಂತ ನನ್ನನ್ನು ತಡೆದದ್ದು ಮೆಟ್ಟಿಲು. ಮಂಡಿನೋವಿನ ಹೆಂಗಸು ಬರಿಗಾಲಲ್ಲಿ ಹತ್ತಿ ಇಳಿದರೆ ಆ ನೋವೂ ಚಿತ್ರದಲ್ಲಿ ಬರುತ್ತದೆ.

ಹೀಗೆ ಅನುಮಾನಪಡುವುದನ್ನು ನನಗೆ ಕಲಿಸಿದ್ದು ಹಳೆಯ ತಪ್ಪುಗಳು. ಒಮ್ಮೆ ಮಳೆ ನಿಂತ ಮಾರನೆಯ ದಿನ ದಟ್ಟ ಮರಗಳ ಕೆಳಗೆ, ಹುಲ್ಲಿನ ಮೇಲೆ ಮದುವೆ ಹುಡುಗಿಯನ್ನು ಕೂರಿಸಿದ್ದೆ. ಮೇಲಿಂದ ಹಸಿರು, ಕೆಳಗಿಂದ ಹಸಿರು, ಮುಖ ಕಾಮಾಲೆ ಬಂದಂತಾಗಿತ್ತು. ಇನ್ನೊಮ್ಮೆ ಇಂಗ್ಲಿಷ್ ಪುಸ್ತಕಗಳನ್ನು ನಂಬಿದೆ. ಉತ್ತರದ ಬೆಳಕು ಸದಾ ಮೃದು ಎಂದು ಅವು ಹೇಳುತ್ತವೆ. ಬರೆದವರ ಊರಲ್ಲಿ ನಿಜವೇ ಇರಬಹುದು. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯನೇ ನಮ್ಮ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ. ಮೇ ತಿಂಗಳ ಒಂದು ಸಂಜೆ ಉತ್ತರದ ಜಗಲಿಯಲ್ಲಿ ಐವರು ಅಣ್ಣತಮ್ಮಂದಿರನ್ನು ಸಾಲಾಗಿ ಕೂರಿಸಿದ್ದೇ ತಡ, ಬಿಸಿಲು ಅಡ್ಡಡ್ಡವಾಗಿ ಒಳನುಗ್ಗಿ ಅರ್ಧರ್ಧ ಮುಖ ಸುಟ್ಟುಹಾಕಿತು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಜಾಗದ ಪಕ್ಕ ತಿಂಗಳನ್ನೂ ಬರೆಯುತ್ತೇನೆ.

ಸೋಮನಾಥಪುರ ಬೇಡವೆಂದು ಹೇಳಲು ಚಾಮರಾಜಪುರಕ್ಕೆ ಹೋದಾಗ ಮಧ್ಯಾಹ್ನ ಮೂರು ಗಂಟೆ. “ಮೊದಲು ಕಾಫಿ ಕುಡಿಯಪ್ಪ, ಆಮೇಲೆ ಮಾತು” ಎಂದರು ಮೇಷ್ಟ್ರಮ್ಮ. ಅವರು ಮನೆಯ ನಡುವಿನ ತೆರೆದ ಅಂಗಳದಲ್ಲಿ, ತೊಟ್ಟಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಬಿಸಿಲು ತೊಟ್ಟಿಯ ನೆಲ ಬಿಟ್ಟು ಎದುರಿನ ಸುಣ್ಣದ ಗೋಡೆಯ ಮೇಲ್ಭಾಗಕ್ಕೆ ಏರಿತ್ತು, ಅಲ್ಲಿಂದ ಮರಳಿ ಅವರ ಮುಖಕ್ಕೆ ಬರುತ್ತಿತ್ತು. ಬೆನ್ನ ಹಿಂದೆ ನಡುಮನೆಯ ಕತ್ತಲು. ಕಾಫಿ ಆರಿಹೋಯಿತು.

ಮಗಳು ಒಪ್ಪಲಿಲ್ಲ. “ಮನೆಯಲ್ಲೇ ಆದರೆ ನಾನೇ ಮೊಬೈಲಿನಲ್ಲಿ ತೆಗೆಯುತ್ತಿದ್ದೆನಲ್ಲ ಸರ್?” ಪ್ರಶ್ನೆ ನ್ಯಾಯವಾದದ್ದೇ. ಬೆಳಿಗ್ಗೆ ಎಂಟೂವರೆಗೆ ಸೋಮನಾಥಪುರಕ್ಕೆ ಹೋಗಿ, ಕೆಳಗಿನ ಅಂಗಳದಲ್ಲಿ ಎಲ್ಲರ ಗುಂಪುಚಿತ್ರ ತೆಗೆಯುವುದು, ಅಮ್ಮನೊಬ್ಬರ ಚಿತ್ರ ಮಾತ್ರ ಮನೆಯಲ್ಲಿ ಎಂದು ರಾಜಿಯಾಯಿತು.

ಮನೆಯಲ್ಲಿ ಒಂದೇ ತೊಡಕು, ಕೆಂಪು ಗಾರೆ ನೆಲ. ಗದ್ದದ ಕೆಳಗೆ ಆ ಕೆಂಪು ಹತ್ತಿ, ಹಚ್ಚಿದ ರಂಗು ಅಳಿಸದೆ ಉಳಿದಂತೆ ಕಾಣುತ್ತಿತ್ತು. ತಂದಿದ್ದ ಥರ್ಮೋಕೋಲ್ ಹಾಳೆ ಸಾಲದೆ ಒಣಹಾಕಿದ್ದ ಬಿಳಿ ಪಂಚೆಯನ್ನು ಎಳೆದು ಅವರ ಕಾಲ ಮುಂದೆ ಹಾಸಿದೆ. “ಮಡಿಯದ್ದು!” ಎಂದು ಒಂದು ಕ್ಷಣ ನನ್ನನ್ನು ದಿಟ್ಟಿಸಿದರು, ತರಗತಿಯಲ್ಲಿ ತಪ್ಪು ಮಾಡಿದ ಹುಡುಗನನ್ನು ನೋಡುವ ಹಾಗೆ. ಆಗ ಒತ್ತಿದ ಚಿತ್ರವೇ ನ್ಯೂಜೆರ್ಸಿಯ ಗೋಡೆಗೆ ಹೋಯಿತು.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಚಾಮರಾಜಪುರ, ತೊಟ್ಟಿ. ಜನವರಿ, ಮೂರರಿಂದ ನಾಲ್ಕು. ಪಂಚೆ ನಾವೇ ಒಯ್ಯಬೇಕು.