ಒಡಿಕತ್ತಿಗೆ ಮಂತ್ರ ಹಾಕಿಸುವ ಮುಂಚೆ

ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಡೆಸುವವಳು ನಾನೇ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಸಾಹಸದ ಕಥೆ ಕಟ್ಟುತ್ತಾ ಆಡುವ ಆಟ ಅದು. ಆಡುವುದು 3.5ನೇ ಆವೃತ್ತಿ.

ಚಿನ್ನ ಸಿಕ್ಕಿದ ತಕ್ಷಣ ಎಲ್ಲರೂ ಅದನ್ನು ಆಯುಧಕ್ಕೇ ಸುರಿಯುತ್ತಾರೆ. ಸ್ವಲ್ಪ ತಡೆಯಿರಿ, ಮೊದಲು ಕವಚ ನೋಡಿ. ಕವಚಕ್ಕೆ +1 ಮಂತ್ರ, ಅಂದರೆ ರಕ್ಷಣೆಗೆ ಒಂದು ಅಂಕದ ಬೋನಸ್, ಹಾಕಿಸಲು 1,000 ಚಿನ್ನದ ನಾಣ್ಯ ಸಾಕು. ಆಯುಧಕ್ಕೆ ಅದರ ಎರಡರಷ್ಟು.

ಆಯುಧದ ಲೆಕ್ಕ ಹೀಗೆ: ಬೋನಸ್ಸನ್ನು ಅದರಿಂದಲೇ ಗುಣಿಸಿ, ಆಮೇಲೆ 2,000ದಿಂದ ಗುಣಿಸಿ. +1ಕ್ಕೆ 2,000, +2ಕ್ಕೆ 8,000, +3ಕ್ಕೆ 18,000. ಮಂತ್ರ ಹಿಡಿಯಬೇಕಾದರೆ ಆಯುಧ ಉತ್ತಮ ದರ್ಜೆಯದ್ದೇ ಆಗಿರಬೇಕು, ಅದಕ್ಕೆ 300 ಬೇರೆ.

ನನ್ನ ತಮ್ಮನ ಪಾತ್ರದ ಕೈಯಲ್ಲಿರುವುದು +1 ಒಡಿಕತ್ತಿ, ನಮ್ಮ ಕೊಡಗಿನ ಅಗಲ ಅಲಗಿನ ಕತ್ತಿ. ಅದರ ಅಲಗಿಗೆ ಬೆಂಕಿ ಹೊತ್ತಿಕೊಳ್ಳುವ ಗುಣ ಸೇರಿಸಿದರೆ ಅದು ಇನ್ನೊಂದು +1ಕ್ಕೆ ಸಮ, ಹಾಗಾಗಿ ಒಟ್ಟು +2ರ ಬೆಲೆ. ಪೂರ್ತಿ 8,000 ಕೊಡಬೇಕಿಲ್ಲ, ವ್ಯತ್ಯಾಸದ 6,000 ಕೊಟ್ಟರಾಯಿತು. ಹಳೇ ಕತ್ತಿ ಮಾರಿದರೆ ಅರ್ಧ ಬೆಲೆಯೇ ಸಿಗೋದು, ಸುಮ್ನೆ ನಷ್ಟ ಅಲ್ವಾ?

ಸಾವಿರಕ್ಕೆ ಒಂದು ದಿನದಂತೆ ಆ ಕೆಲಸಕ್ಕೆ ಆರು ದಿನ ಹಿಡಿಯುತ್ತದೆ. ಆಟ ನಡೆಸುವವರು ಆ ಬಿಡುವು ಕೊಡಲೇಬೇಕು. ನಮ್ಮ ಕೈಲ್‌ಪೊಳ್ದ್ ಥರ ಆಯುಧ ಪೂಜೆಯ ಹಬ್ಬವೊಂದನ್ನು ಕಥೆಗೆ ತಂದರೆ ಇನ್ನೂ ಚೆಂದ. ಗಾಯ ಮಾಯುವ ಮದ್ದಿಗೆ 50 ನಾಣ್ಯ ಎತ್ತಿಡುವುದನ್ನು ಮಾತ್ರ ಮರೆಯಬೇಡಿ.