ಎಮರ್ಜೆನ್ಸಿ ಹೀಟ್ ಒತ್ತುವ ಮುನ್ನ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾ, ಜಾರ್ಜಿಯಾಕ್ಕೆ ಬಂದವರು ಮೊದಲ ಚಳಿಗಾಲದಲ್ಲಿ ಒಂದೇ ಗುಂಡಿಗೆ ಬೀಳುತ್ತಾರೆ. ಕರೆಂಟ್ ಬಿಲ್ ಬಂದಮೇಲೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ದುಡ್ಡು ಹೋಗಿರುತ್ತದೆ.

ಇಲ್ಲಿಯ ಬಾಡಿಗೆ ಮನೆಗಳಲ್ಲಿ ಬಹಳ ಕಡೆ ಇರುವುದು ಹೀಟ್ ಪಂಪ್. ಬೇಸಿಗೆಯಲ್ಲಿ ಅದು ಎಸಿ. ಚಳಿಗಾಲದಲ್ಲಿ ಅದೇ ಕಂಪ್ರೆಸರ್ ಹೊರಗಿನ ಗಾಳಿಯ ಶಾಖವನ್ನು ಹೀರಿ ಒಳಗೆ ತರುತ್ತದೆ. ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಹಾಗಾಗಿ ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಎರಡರಿಂದ ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ.

ಆದರೆ ಗ್ಯಾಸ್ ಉರಿಸಿ ಮನೆ ಕಾಯಿಸುವ ಫರ್ನೇಸ್‌ನ ಹಾಗೆ ಬಿಸಿಗಾಳಿ ನುಗ್ಗಿ ಬರುವುದಿಲ್ಲ. ಹೀಟ್ ಪಂಪಿನ ಗಾಳಿ ಹೆಚ್ಚೂಕಡಿಮೆ ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ಕೈ ಒಡ್ಡಿದರೆ ತಣ್ಣಗೇ ಅನಿಸುತ್ತದೆ. ಎಡವಟ್ಟು ಶುರುವಾಗುವುದೇ ಇಲ್ಲಿ.

ವಿಜಯಪುರದ ಒಂದು ಕುಟುಂಬ ಕಳೆದ ಜನವರಿಯಲ್ಲಿ ನಾರ್ತ್ ಕ್ಯಾರೊಲೈನಾದ ರಾಲಿಯ ಹತ್ತಿರ ಮನೆ ಹಿಡಿದಿತ್ತು. ಊರಿಂದ ಬಂದ ತಾಯಿ, "ಗಾಳಿ ಬೆಚ್ಚಗ ಬರವಲ್ತು, ಮಷೀನ್ ಕೆಟ್ಟೈತಿ ನೋಡೋ" ಅಂದರು. ಮಗ ಮನೆಯ ಬಿಸಿ ಹೊಂದಿಸುವ ಥರ್ಮೊಸ್ಟಾಟ್‌ನಲ್ಲಿ 'ಎಮರ್ಜೆನ್ಸಿ ಹೀಟ್' ಒತ್ತಿದ. ಬಿಸಿಗಾಳಿ ಬಂತು, ಎಲ್ಲರಿಗೂ ಸಮಾಧಾನ. ಯಾರೂ ಮತ್ತೆ ಅದನ್ನು ಮುಟ್ಟಲಿಲ್ಲ. ಆ ತಿಂಗಳ ಬಿಲ್ ದುಪ್ಪಟ್ಟು ದಾಟಿತು.

ಆ ಬಟನ್ ಒತ್ತಿದರೆ ಹೊರಗಿನ ಕಂಪ್ರೆಸರ್ ಬಂದ್ ಆಗಿ, ಒಳಗಿನ ಹೀಟರ್ ಕಾಯಿಲ್ ಒಂದೇ ಉರಿಯುತ್ತದೆ. ನೀರು ಕಾಯಿಸುವ ಕಾಯಿಲ್‌ನ ಜಾತಿಯದೇ, ಗಾತ್ರ ಮಾತ್ರ ದೊಡ್ಡದು. 10 ಕಿಲೋವ್ಯಾಟ್‌ನದಾದರೆ ತಾಸಿಗೆ 10 ಯೂನಿಟ್. ಊರಲ್ಲಿ ಗೃಹಜ್ಯೋತಿಗೆ ತಿಂಗಳಿಗೆ 200 ಯೂನಿಟ್ ಮಿತಿ ಇದೆಯಲ್ಲ, ಈ ಕಾಯಿಲ್ ಅಷ್ಟನ್ನು 20 ತಾಸಿನಲ್ಲಿ ತಿಂದು ಮುಗಿಸುತ್ತದೆ. ಆ ಬಟನ್ ಇರುವುದು ಕಂಪ್ರೆಸರ್ ಕೆಟ್ಟಾಗ ಮಾತ್ರ ಬಳಸಲಿಕ್ಕೆ. ದಯವಿಟ್ಟು ಬೇರೆ ಯಾವ ಕಾರಣಕ್ಕೂ ಒತ್ತಬೇಡಿ.

ಅದೇ ಕಾಯಿಲ್ ನಿಮಗೆ ಗೊತ್ತಿಲ್ಲದೆಯೂ ಉರಿಯಬಹುದು. ಹೊರಗೆ ಹೋಗುವಾಗ ಎಲ್ಲ ಬಂದ್ ಮಾಡುವುದು ನಮ್ಮ ರೂಢಿ, ಎಸಿಗೆ ಅದು ಸರಿಯೇ. ಚಳಿಗಾಲದಲ್ಲಿ ಹಾಗೆ ಮಾಡಿ, ಸಂಜೆ ಬಂದು 60ರಿಂದ ಒಮ್ಮೆಗೇ 72 ಫ್ಯಾರನ್‌ಹೀಟ್‌ಗೆ ಏರಿಸಿದರೆ, ಸಾದಾ ಥರ್ಮೊಸ್ಟಾಟ್ ಬೇಗ ಬಿಸಿ ಮಾಡಲು ಕಾಯಿಲ್ ಹಚ್ಚುತ್ತದೆ. ಪರದೆ ಮೇಲೆ 'ಆಕ್ಸ್' (AUX, ಅಂದರೆ ಸಹಾಯಕ ಹೀಟ್) ಎಂದು ಕಂಡರೆ ಕಾಯಿಲ್ ಉರಿಯುತ್ತಿದೆ ಎಂದರ್ಥ. 68ಕ್ಕೆ, ಅಂದರೆ 20 ಸೆಲ್ಸಿಯಸ್‌ಗೆ, ಇಟ್ಟು ಹಾಗೇ ಬಿಡಿ. ಮನೆಮಂದಿಗೆ ಸ್ವೆಟರ್ ಕೊಡಿಸಿ.

ಹೊರಗಿನ ಯೂನಿಟ್‌ನಿಂದ ಹೊಗೆ ಎದ್ದಂತೆ ಕಂಡರೆ ಹೆದರಬೇಡಿ. ಮೇಲೆ ಕಟ್ಟಿದ ಹಿಮವನ್ನು ಅದು ತಾನೇ ಕರಗಿಸಿಕೊಳ್ಳುವಾಗ ಏಳುವ ಆವಿ ಅದು.

ಈ ಸೀಮೆಯ ಚಳಿಗೆ ಗ್ಯಾಸ್‌ಗಿಂತ ಹೀಟ್ ಪಂಪೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಮನೆ ಕೊಂಡರೆ ಮನೆಗೆಲ್ಲ ಗಾಳಿ ಹಂಚುವ ಡಕ್ಟ್ ಕೊಳವೆ ಬಿಟ್ಟು ಕೋಣೆಗೊಂದು ಇನ್ವರ್ಟರ್ ಸ್ಪ್ಲಿಟ್ ಹೀಟ್ ಪಂಪ್ ಹಾಕಿಸಿ. ಬೇಕಾದ ಕೋಣೆಯಷ್ಟೇ ಬೆಚ್ಚಗಾಗುತ್ತದೆ.

ಬಾಡಿಗೆಯವರು ಇನ್ನೊಂದು ನೋಡಿಕೊಳ್ಳಬೇಕು. ಹೀಟ್ ಹಾಕಿದಾಗ ಒಳಗೆ ಬಿಸಿಗಾಳಿ ಬೀಸುತ್ತಿದ್ದು, ಹೊರಗಿನ ಯೂನಿಟ್ ತಾಸುಗಟ್ಟಲೆ ತಿರುಗದೇ ಇದ್ದರೆ ಮನೆಯೆಲ್ಲ ಕಾಯಿಲ್ ಮೇಲೆಯೇ ನಡೆದಿದೆ ಎಂದರ್ಥ. ರಿಪೇರಿ ಸಾಮಾನ್ಯವಾಗಿ ಮಾಲೀಕರ ಹೊಣೆ, ಕರೆಂಟ್ ಬಿಲ್ ನಿಮ್ಮದು. ಅವರು ತಡ ಮಾಡಿದಷ್ಟೂ ನಷ್ಟ ನಿಮಗೇ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಅದೇ ದಿನ ಇಮೇಲ್ ಕಳಿಸಿ, ಮೀಟರ್ ರೀಡಿಂಗ್‌ನ ಫೋಟೊ ಜೊತೆಗಿರಲಿ.